ಬೀಜ ಚೆಲ್ಲುವ ಪ್ರೊಫೆಸರ್

“ಮೆಲ್ಲಗೆ, ಮೆಲ್ಲಗೆ! ನಮ್ಮ ಪ್ರೊಫೆಸರ್‌ಗೆ ಏಟು ತಾಗೀತು!”

ಅಪ್ಪನ ಶವಪೆಟ್ಟಿಗೆ ಬಾಗಿಲಲ್ಲಿ ಸಿಕ್ಕಿಕೊಂಡಿತ್ತು; ಮುಂದೆ ಹೊತ್ತಿದ್ದ ಬೀದಿಯವನೊಬ್ಬ ಕೂಗಿದ್ದ. ಹಿಂದಿನ ತುದಿಗೆ ಕೈ ಕೊಟ್ಟಿದ್ದ ಮಗಳು ತಲೆಯೆತ್ತಿದಳು. ಅಪ್ಪ ಮೂರನೇ ಕ್ಲಾಸು ದಾಟಿದವನಲ್ಲ. ಜೀವಮಾನವೆಲ್ಲ ಕಂಡವರ ಹೊಲದಲ್ಲಿ ಕೂಲಿಗೆ ಬೀಜ ಚೆಲ್ಲಿದವನು. ಸಣ್ಣ ಬೀಜಕ್ಕೆ ಒಣ ಮರಳು ಬೆರೆಸಿ, ಹೆಜ್ಜೆಗೊಂದು ಹಿಡಿ ಬೀಸಿದನೆಂದರೆ ಪೈರು ಎಲ್ಲೂ ಗುಂಪಾಗುತ್ತಿರಲಿಲ್ಲ, ನೆಲ ಎಲ್ಲೂ ಬೋಳಾಗುತ್ತಿರಲಿಲ್ಲ.

“ಅಪ್ಪನ್ನ ಯಾಕೆ ಹಾಗೆ ಕರೀತಾರೆ, ಅತ್ತೆ?”

“ಚೆನ್ನಾಗಿದೆ! ಹೆಸರಿಟ್ಟವಳೂ ನೀನೇ, ಕೇಳೋಳೂ ನೀನೇನಾ?” ಅಂದಳು ಅಪ್ಪನ ತಂಗಿ, ಮೂಗೊರೆಸಿಕೊಳ್ಳುತ್ತ.

ಮಗಳು ಪೆಟ್ಟಿಗೆಯ ತುದಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

*

ಅವಳು ಟಿವಿಯಲ್ಲಿ ವಾರ್ತೆ ಓದುವವಳು. ಎರಡು ವರ್ಷದ ಹಿಂದೆ ವಾಹಿನಿಯ ವಾರ್ಷಿಕೋತ್ಸವದ ನೇರ ಪ್ರಸಾರದಲ್ಲಿ ನಿರೂಪಕ ಕೇಳಿದ್ದ: “ಬ್ರಾಡ್‌ಕಾಸ್ಟ್ ಅನ್ನೋ ಪದ ಎಲ್ಲಿಂದ ಬಂತು, ಗೊತ್ತಾ?”

“ಹೊಲದಿಂದ! ರೇಡಿಯೋ, ಟಿವಿ ಹುಟ್ಟೋಕೆ ಮುಂಚೆ ಇಂಗ್ಲಿಷಿನವರು ಕೈ ಬೀಸಿ ಬೀಜ ಚೆಲ್ಲೋದಕ್ಕೆ ಹಾಗಂತಿದ್ರು. ನೋಡಿ, ಹೀಗೆ.” ಎದ್ದು ನಿಂತು ಬೀಸಿಯೂ ತೋರಿಸಿದಳು. ಚಪ್ಪಾಳೆಯೋ ಚಪ್ಪಾಳೆ.

“ಅಬ್ಬಾ! ಹೀಗೆ ಬೀಸೋದನ್ನ ಯಾರು ಕಲಿಸಿದ್ರು?”

‘ಅಪ್ಪ’ ನಾಲಗೆಯ ತುದಿಗೆ ಬಂದಿತ್ತು. ಎದುರಿಗೆ ಸೂಟುಬೂಟಿನವರ ಸಾಲು. “ನಮ್ಮ ಪ್ರೊಫೆಸರ್,” ಎಂದು ನಕ್ಕಳು. ವಾರ್ತೆ ಓದುವ ನಾಲಗೆ, ಒಂದಿಷ್ಟೂ ತಡವರಿಸಲಿಲ್ಲ.

ಅಪ್ಪ ಬೀದಿಯವರನ್ನೆಲ್ಲ ಕೂರಿಸಿಕೊಂಡು ನೋಡುತ್ತಿದ್ದಾನೆಂದು ಅವಳಿಗೆ ಗೊತ್ತಿತ್ತು. ಆಮೇಲೆ ಫೋನಿನಲ್ಲಿ, “ಕೈ ಇನ್ನೊಂಚೂರು ಮೇಲಿರಬೇಕಿತ್ತು ಮಗಳೇ,” ಎಂದಷ್ಟೇ ಅಂದ. ನಾಚಿಕೆಗೆ ಅವಳು ಮನೆ ಕಡೆ ತಲೆ ಹಾಕುವುದನ್ನೇ ಬಿಟ್ಟಳು.

*

ಸ್ಮಶಾನದ ದಾರಿಯಲ್ಲಿ ಪಕ್ಕದ ಮನೆಯ ಮುದಿ ದರ್ಜಿ ಜೊತೆಯಾದ.

“ನೀನು ಪ್ರೊಫೆಸರ್ ಅಂದಾಗ ನಾವೆಲ್ಲ ಮುಖ ಮುಖ ನೋಡ್ಕೊಂಡ್ವಿ ಕಣಮ್ಮ. ನಿಮ್ಮಪ್ಪ ಹೊಟ್ಟೆ ಹಿಡ್ಕೊಂಡು ನಕ್ಕ. ‘ಅದು ನಾನೇ ಕಣ್ರೋ! ಚಿಕ್ಕವಳಿದ್ದಾಗಿಂದ ನನ್ನನ್ನ ಹಾಗೇ ರೇಗಿಸೋದು ಅವಳು’ ಅಂದ. ಅವತ್ತಿಂದ ಬೀದಿಗೆಲ್ಲ ಅವನೇ ಪ್ರೊಫೆಸರ್. ಭಾರಿ ಕೀಟಲೆ ನೀನು, ಅಲ್ವಾ?”

ಹಾಗೆ ಅವಳು ಒಮ್ಮೆಯೂ ಕರೆದಿರಲಿಲ್ಲ. ಈಗ ನಿಜ ಹೇಳಿದರೆ ಅಪ್ಪ ಸುಳ್ಳುಗಾರನಾಗುತ್ತಾನೆ. ಭೂಮಿ ಬಾಯ್ಬಿಟ್ಟು ನುಂಗಬಾರದೇ ಅನ್ನಿಸಿತು.

“ಹೌದು,” ಅಂದಳು, ಅವನ ಮುಖ ನೋಡಲಾರದೆ.

ಮಣ್ಣು ಮುಚ್ಚಿದ ಮೇಲೆ ಬೀದಿಯವರು ತಂದ ಹೂವಿನ ಚಕ್ರವನ್ನು ಅವಳ ಕೈಗೇ ಕೊಟ್ಟರು. ಅದರ ರಿಬ್ಬನ್ನಿನ ಮೇಲೆ ದರ್ಜಿ ನೀಲಿ ದಾರದಲ್ಲಿ ಹೊಲಿದಿದ್ದ: ನಮ್ಮ ಪ್ರೊಫೆಸರ್. ಇಡುತ್ತಲೇ ಗಾಳಿಗೆ ರಿಬ್ಬನ್ನು ಮಗುಚಿಕೊಂಡಿತು. ಅವಳು ಮಂಡಿಯೂರಿದಳು. ಅಕ್ಷರಗಳು ಎಲ್ಲರಿಗೂ ಕಾಣುವಂತೆ ತಿರುಗಿಸಿ, ಎರಡೂ ತುದಿಗಳನ್ನು ಅಂಗೈಯಿಂದ ಹಸಿಮಣ್ಣಿಗೆ ಒತ್ತಿ ಹಿಡಿದಳು.