ರಾಗಿ ಹೊಲದ ಸರದಿ

"ಏ ಮುಂಡೆ, ಕೈ ಓಡ್ಸೇ! ಗಂಡ ಮಲ್ಗವ್ನೆ ಅಂತ ನೀನೂ ನನ್ ಹೊಲ್ದಲ್ಲೇ ಮಲ್ಗೀಯೇನು?"

ಬದುವಿನ ಮೇಲೆ ನಿಂತು ಕೂಗಿದವಳು ನನ್ನ ವಾರಗಿತ್ತಿ ಅಗುತಿ. ಅವಳ ರಾಗಿಯಲ್ಲಿ ಕಳೆ ಕೀಳುತ್ತಿದ್ದ ಹದಿನಾಲ್ಕು ಜನರಲ್ಲಿ ನನ್ನ ಸಾಲೇ ಮುಂದಿತ್ತು. ಆದರೂ ಬೈಗುಳ ನನಗೇ.

"ನನ್ ಗಂಡ ಇನ್ನೂ ಬದ್ಕವ್ನೆ ಅಕ್ಕಾ. ಮುಂಡೆ ಅನ್ನಾಕೆ ಅಷ್ಟ್ ಯಾಕ್ ಅವಸ್ರ?" ಅಂದೆ.

ತಲೆ ಎತ್ತಿದರೆ ಹೊಟ್ಟೆ ಉರಿಯುತ್ತಿತ್ತು. ರಾಗಿಯ ಪಕ್ಕ ಎಳ್ಳು, ಅದರಾಚೆ ಕಡಲೆಕಾಯಿ, ಅಲಸಂದೆ, ಜೋಳ. ಮಾವ ಇಬ್ಬರು ಮಕ್ಕಳಿಗೂ ಸಮನಾಗಿ ಹಂಚಿದ ಮಣ್ಣೇ ಇದು. ನನ್ನ ಪಾಲಿನಲ್ಲಿ ಹೆಚ್ಚೂಕಡಿಮೆ ಬರೀ ಮರಗೆಣಸು. ನನ್ನ ಗಂಡ ಒಕ್ವಲಿಂಗ ಹಾಸಿಗೆ ಹಿಡಿದು ಮೂರು ವರ್ಷ. ಊರವರು ಸಣಕಲು ರೋಗ ಅನ್ನುತ್ತಾರೆ, ಆಸ್ಪತ್ರೆಯವರು ಏಡ್ಸ್ ಅನ್ನುತ್ತಾರೆ. ಅವನನ್ನು ತೊಳೆದು, ಉಣಿಸಿ, ಮಾತ್ರೆಗಾಗಿ ಪೇಟೆಗೆ ನಡೆದು ಬರುವಷ್ಟರಲ್ಲಿ ದಿನವೇ ಮುಗಿಯುತ್ತದೆ. ಒಂದು ವರ್ಷ ಎಳ್ಳು ಬಿತ್ತುವುದನ್ನು ಬಿಟ್ಟೆ, ಮರುವರ್ಷ ಕಡಲೆಕಾಯಿಯನ್ನು. ಮರಗೆಣಸಿಗೆ ಆರೈಕೆ ಬೇಡ. ಅದನ್ನೇ ಮೂರು ಹೊತ್ತೂ ತಿಂದು ನನ್ನ ಮಗಳ ಹೊಟ್ಟೆ ಉಬ್ಬಿದೆ, ಕೂದಲು ಕೆಂಚಾಗಿದೆ.

ಅಗುತಿಯ ಗಂಡ ಎಕ್ವಾರು ಎತ್ತಿನ ಹಿಂದೆ ಹಾಡುತ್ತ ನಡೆಯುವುದನ್ನು ಕಂಡಾಗಲೆಲ್ಲ, ಇವನಿಗೂ ಆ ರೋಗ ಹಿಡಿಯಲಿ ಅಂದುಕೊಳ್ಳುತ್ತೇನೆ. ಪಾಪ ತಟ್ಟುವುದಾದರೆ ತಟ್ಟಲಿ.

ಈ ಸಲ ಹಟ ಹಿಡಿದು ಅರ್ಧ ಎಕರೆ ರಾಗಿ ಬಿತ್ತಿದ್ದೆ. ಅತ್ತೆ ಸಾಯುವಾಗ ಕೈಗಿಟ್ಟ ಕೆಂಪು ಬೀಜ, ಊರಲ್ಲಿ ಬೇರೆ ಯಾರ ಬಳಿಯೂ ಇಲ್ಲ. ಕಳೆ ಮೊಣಕಾಲೆತ್ತರ ಬಂದಿದೆ. ಈ ವಾರ ಕೀಳದಿದ್ದರೆ ಪೈರೂ ಇಲ್ಲ, ಬೀಜವೂ ಇಲ್ಲ. ಅದಕ್ಕೇ ಎಂಟು ಮನೆಗಳ ಸರದಿಗೆ ಸೇರಿದೆ. ದಿನಕ್ಕೊಬ್ಬರ ಹೊಲಕ್ಕೆ ಎಲ್ಲರೂ ಇಳಿಯುತ್ತೇವೆ. ಹೊಲದವರು ರಾಗಿ ಹೆಂಡದ ಗಡಿಗೆ ಇಡಬೇಕು, ಅದೇ ಕೂಲಿ. ಇವತ್ತಿಗೆ ಏಳು ಮನೆ ಆಯಿತು, ನಾಳೆ ನನ್ನದು. ತವರಿನಿಂದ ರಾಗಿ ಬೇಡಿ ತಂದು ಹೆಂಡಕ್ಕೆ ಹಾಕಿಟ್ಟಿದ್ದೆ.

ಮಧ್ಯಾಹ್ನ ಮಾವಿನ ಮರದಡಿ ಗಡಿಗೆ ಬಂತು. ಸುತ್ತ ಕೂತವರೆಲ್ಲ ಹೆಂಡ ಹೀರುವ ತಮ್ಮ ಉದ್ದನೆಯ ಕೊಳವೆಗಳನ್ನು ಅದರೊಳಗೆ ಇಳಿಬಿಟ್ಟರು. ನಾನೂ ಬಿಟ್ಟೆ. ಎಕ್ವಾರು ನನ್ನ ಕೊಳವೆಯನ್ನು ಎಳೆದು, ಮುರಿದು ಬಿಸಾಕಿದ. ಅಗುತಿ ಒಡಕು ಸೋರೆಬುರುಡೆಯೊಂದರಲ್ಲಿ ಹೆಂಡ ಸುರಿದು ದೂರದಲ್ಲಿಟ್ಟಳು.

"ಅಲ್ ಕೂತ್ಕೊಂಡ್ ಕುಡಿ."

"ನಾಳೆ ನಮ್ಮನೇಲಿ ಎಲ್ರೂ ಒಂದೇ ಗಡ್ಗೇಲಿ ತಾನೆ ಕುಡ್ಯಾದು, ಭಾವ?"

ಎಲ್ಲರೂ ನಕ್ಕರು. "ನಿಮ್ಮನೆ ಹೆಂಡ ಯಾವೋನ್ ಕುಡೀತಾನೆ? ಸಾಯಾಕಾ?" ಎಕ್ವಾರು ಬಾಯಿ ಒರೆಸಿಕೊಂಡ. "ಹೆಂಡ ಕುಡೀದೆ ಜನ ದುಡ್ಯಾಕಿಲ್ಲ. ನಿನ್ ಸರದಿ ಇಲ್ಲ. ಆ ಹೊಲ ನಂಗೇ ಬಿಡು, ನೀನ್ ಅದ್ರಲ್ಲೇ ಕೂಲಿಗ್ ಬಾ."

"ಏಳ್ ದಿನ ದುಡ್ದಿವ್ನಲ್ಲ ಭಾವ!"

"ಯಾರ್ ಕರೆದ್ರು ನಿನ್ನ?"

ನಾನು ಬುರುಡೆಯನ್ನು ಮುಟ್ಟಲಿಲ್ಲ. ಎದ್ದು ಹೊಲಕ್ಕಿಳಿದೆ. ಬೆಳಿಗ್ಗೆಯಿಂದ ನಾನು ಹಸನು ಮಾಡಿದ್ದ ಸಾಲಿನಲ್ಲಿ ಎರಡೂ ಕೈಯಿಂದ ರಾಗಿಯನ್ನೇ ಹಿಡಿದು ಕೀಳತೊಡಗಿದೆ.

"ಅಯ್ಯಯ್ಯೋ, ಏನ್ ಮಾಡ್ತಿದ್ದೀಯೇ ಬೇವರ್ಸಿ!" ಅಗುತಿ ಚೀರಿದಳು.

"ನನ್ ದುಡ್ಮೆ ವಾಪಸ್ ತಗೊಂತಿವ್ನಿ."

"ಹಿಡೀರ್ರೋ ಅವ್ಳನ್ನ! ದರದರ ಎಳ್ಕೊಂಬರ್ರೋ!" ಎಕ್ವಾರು ಅರಚಿದ. ಅವನ ನಾಲ್ವರು ಗಟ್ಟಿಮುಟ್ಟಾದ ಮಕ್ಕಳು ಓಡಿ ಬಂದರು. ಬಂದವರು ಮಾರು ದೂರದಲ್ಲೇ ನಿಂತರು. ರಾಗಿ ಗರಿ ಕೊಯ್ದು ನನ್ನ ಅಂಗೈಯಲ್ಲಿ ರಕ್ತ ಜಿನುಗುತ್ತಿತ್ತು. ಆ ಎರಡೂ ಕೈಗಳನ್ನು ಅವರತ್ತ ಚಾಚಿದೆ.

"ಬನ್ರಪ್ಪಾ, ಹಿಡೀರಿ."

ಯಾರೂ ಮುಟ್ಟಲಿಲ್ಲ. ನನ್ನ ಸಾಲು ಮುಗಿಯಿತು. ಪಕ್ಕದ ಸಾಲು ನಾನು ದುಡಿದದ್ದಲ್ಲ. ಅದಕ್ಕೂ ಕೈ ಹಾಕಿದೆ.