ಗಿಲ್ಬೆರ್ ಸುರಿದ ಕಲ್ಲು

ಟ್ರ್ಯಾಕ್ಟರಿನ ಹಿಂದಿನ ಚಕ್ರ ಮತ್ತೆ ಜಾರಿತು. ಗಿಲ್ಬೆರ್ ಎಂಜಿನ್ ಆರಿಸಿ, ಸ್ಟಿಯರಿಂಗಿಗೆ ಒಂದು ಗುದ್ದು ಕೊಟ್ಟು ಕೆಳಗಿಳಿದ. ಟ್ರೇಲರ್ ದಾರಿಗೆ ಅಡ್ಡ ತಿರುಗಿತ್ತು. ಅದರ ಒಂದು ಚಕ್ರ ಅಂಚಿನಾಚೆ ಗಾಳಿಯಲ್ಲಿ ತೂಗುತ್ತಿತ್ತು. ಹಿಂಭಾಗ ಹಳೆಯ ಕಲ್ಲುಗೋಡೆಗೆ ಆತುಕೊಂಡದ್ದರಿಂದ ಗಾಡಿ ಉಳಿದಿತ್ತು. ಸೆಣಬಿನ ಬಟ್ಟೆಯಲ್ಲಿ ನಾಲ್ಕು ಮೂಲೆ ಸೇರಿಸಿ ಕಟ್ಟಿದ ಲ್ಯಾವೆಂಡರ್ ಹೊರೆಗಳಲ್ಲಿ ಒಂದೂ ಬಿದ್ದಿರಲಿಲ್ಲ. ಅದೊಂದು ಪುಣ್ಯ.

ಬೈಯೋಣವೆಂದು ಬಾಯಿ ತೆರೆದ. ಯಾರನ್ನು ಬೈಯುವುದು? ತಿರುವಿನ ತುಂಬ ಬಿದ್ದಿದ್ದ ಆ ಮುಷ್ಟಿಗಾತ್ರದ ಹೊಳೆಗಲ್ಲುಗಳನ್ನು ತಂದು ಸುರಿದವನು ಅವನೇ.

ವಸಂತದಲ್ಲಿ ಸುರಿದದ್ದು. ಅವನ ತಂಗಿ ಕೊರಿನ್ ವಾಲ್ಸೆರ್ ಊರಿನ ಅಂಚೆಯವಳು. ವಾರವೆಲ್ಲ ಹಳದಿ ವ್ಯಾನಿನಲ್ಲಿ ಕಾಗದ ಹಂಚುತ್ತಾಳೆ, ಬಿಡುವು ಸಿಕ್ಕಿದರೆ ಸೈಕಲ್ ಹತ್ತುತ್ತಾಳೆ. ರೇಸಿನವರ ತೆಳ್ಳನೆಯ ಸೈಕಲ್ಲೂ ಅಲ್ಲ, ಕಾಡು ನುಗ್ಗುವ ಗಡವ ಸೈಕಲ್ಲೂ ಅಲ್ಲ. ಬಾಗಿದ ಹ್ಯಾಂಡಲ್, ದಪ್ಪ ಟೈರು, ಡಾಂಬರು ಕಾಣದ ದಾರಿಗೆಂದೇ ಮಾಡಿದ್ದು. ಗಿಲ್ಬೆರ್ ಅದಕ್ಕೆ ಜಲ್ಲಿ ಸೈಕಲ್ ಎಂದು ಮೂಗು ಮುರಿಯುತ್ತಿದ್ದ. ಕೊರಿನ್ ಮತ್ತು ಅವಳ ಗೆಳೆಯರು ಸೇರಿ ಒಂದು ಸೈಕಲ್ ದಾರಿ ಗುರುತಿಸಿದ್ದರು. ಕೆಳಗಿನ ದ್ರಾಕ್ಷಿತೋಟಗಳಿಂದ ಹೊರಟು, ಲ್ಯಾವೆಂಡರ್ ಇಳಿಜಾರು ಹತ್ತಿ, ಓಕ್ ಕಾಡಿನ ನಡುವೆ ಬೆಟ್ಟದ ನೆತ್ತಿಗೆ. ಎಲ್ಲ ಮಣ್ಣುದಾರಿ, ಕಲ್ಲುದಾರಿ. ನಕ್ಷೆಯಲ್ಲಿ ಆ ದಾರಿಯ ನಡುಭಾಗ ಇವರ ಮನೆಯದು. ಅಪ್ಪ ಅದನ್ನು ಅಣ್ಣ ತಂಗಿ ಇಬ್ಬರ ಹೆಸರಿಗೂ ಬಿಟ್ಟಿದ್ದ. ಕೂಡದು ಎನ್ನುವ ಪೂರ್ತಿ ಹಕ್ಕು ಗಿಲ್ಬೆರ್‌ಗೆ ಇರಲಿಲ್ಲ. ಹಾಗಾಗಿ ಕೆಳಗೆ ಸರಪಳಿ ಎಳೆದ, ತಿರುವಿಗೆ ಕಲ್ಲು ಸುರಿದ. ಜಗಳ ತಾರಕಕ್ಕೇರಿದ ದಿನ, "ಅಂಚೆ ವ್ಯಾನ್ ಹತ್ತಿ ಹೋದೋಳು ನೀನು, ಈ ಮನೆಯೋಳಲ್ಲ" ಎಂದೂ ಅಂದುಬಿಟ್ಟಿದ್ದ.

ಇವತ್ತು ಬೆಳಿಗ್ಗೆ ಸರಪಳಿ ಬಿಚ್ಚಿ ಬರಿಗಾಡಿ ಹತ್ತಿಸುವಾಗ ಏನೂ ಆಗಿರಲಿಲ್ಲ. ಹೊರೆ ಹೇರಿಕೊಂಡು ಇಳಿಯುವಾಗ ಕಲ್ಲು ತನ್ನ ಬುದ್ಧಿ ತೋರಿಸಿತು.

ಜೇಬಿನಿಂದ ಫೋನ್ ತೆಗೆದು ಭಟ್ಟಿಯ ರೋಲಾನ್‌ಗೆ ಮಾಡಿದ. ಹೂವು ಬೇಯಿಸಿ ಎಣ್ಣೆ ಇಳಿಸಲು ಊರಿಗೆಲ್ಲ ಇರುವುದು ಅದೊಂದೇ ಭಟ್ಟಿ. ಬೆಂಕಿ ನೋಡಿಕೊಳ್ಳುವವನು ರೋಲಾನ್.

"ತಿರುವಲ್ಲಿ ಸಿಕ್ಕಾಕ್ಕೊಂಡಿದೀನಿ. ನನ್ನ ಸರದಿ ಸ್ವಲ್ಪ ತಡೆದಿಡು."

"ಫೋನಲ್ಲಿ ಸರದಿ ತಡೆಯೋಕೆ ಇದೇನು ಕ್ಷೌರದಂಗಡಿನಾ? ಮಧ್ಯಾಹ್ನದ ಗಂಟೆ ಹೊಡೀತಿದ್ದ ಹಾಗೆ ಹಂಡೆ ಮುಚ್ಚಳ ತೆಗೀತೀನಿ. ನಿಮ್ಮನೆಯವರ ಕೈಯಿಂದ ಮೊದಲ ಹೊರೆ ಬಿದ್ರೆ ಸರದಿ ನಿಂದು. ಇಲ್ಲಾಂದ್ರೆ ಬ್ರೆಮೊನ್‌ದು. ಆಗಲೇ ಗಾಡಿ ತಂದು ನಿಲ್ಸಿದಾನೆ."

"ಅವನದು ಲಾವಂದಿನ್ ಕಣೋ!"

"ಗೊತ್ತಪ್ಪಾ. ನಿಮ್ಮಜ್ಜ ಮಾಡಿದ ಕಟ್ಟಲೆ. ಅವರ ಗೋರಿ ಹತ್ರ ಹೋಗಿ ಕಿರುಚು."

ಲಾವಂದಿನ್ ಎಂದರೆ ಬೆರಕೆ ತಳಿ. ಬಯಲಲ್ಲಿ ಬೆಳೆಯುತ್ತದೆ, ಯಂತ್ರದಲ್ಲಿ ಕೊಯ್ಯುತ್ತಾರೆ, ಎಣ್ಣೆ ಸುರಿಯುತ್ತದೆ, ವಾಸನೆ ಮಾತ್ರ ಕರ್ಪೂರದ್ದು. ಗಿಲ್ಬೆರ್‌ನದು ಬೆಟ್ಟದ ಅಸಲಿ ಲ್ಯಾವೆಂಡರ್, ಕುಡುಗೋಲಲ್ಲಿ ಕೊಯ್ದದ್ದು. ಹಂಡೆಗೆ ಒಮ್ಮೆ ಲಾವಂದಿನ್ ಬಿತ್ತೆಂದರೆ ತಾಮ್ರಕ್ಕೆ ಆ ಕರ್ಪೂರ ಹತ್ತಿಕೊಳ್ಳುತ್ತದೆ. ಹಂಡೆ ಉಜ್ಜಿ ತೊಳೆಯುವುದು ಬೆಂಕಿ ಆರಿಸಿದ ಮೇಲೆ, ಕೊಯ್ಲೆಲ್ಲ ಮುಗಿದ ಮೇಲೆ. ಅಷ್ಟರೊಳಗೆ ಅವನ ಹೂವು ಹುಲ್ಲಾಗಿರುತ್ತದೆ. ವರ್ಷವಿಡೀ ಬೆನ್ನು ಬಗ್ಗಿಸಿದ್ದು ಸೋಪು ಮಾಡುವವರ ಪೀಪಾಯಿಗೆ ಹೋಗುತ್ತದೆ.

ಮೇಲಿನಿಂದ ಕಲ್ಲುಗಳ ಗರಗರ ಸದ್ದು ಕೇಳಿತು. ಧೂಳಿನ ನಡುವೆ ಸೈಕಲ್ಲೊಂದು ಇಳಿದು ಬಂದು ಟ್ರೇಲರಿನ ಹಿಂದೆ ನಿಂತಿತು. ಶಿರಸ್ತ್ರಾಣದ ಕೆಳಗೆ ಬೆವರಿಳಿಯುತ್ತಿದ್ದ ಮುಖ ಕೊರಿನ್‌ಳದು.

"ಓಹೋ! ಹೆದ್ದಾರಿ ಬಂದ್ ಮಾಡಿದೀರಾ, ದೊಡ್ಡಣ್ಣನವರು?"

"ಬಾಯಿ ಮುಚ್ಕೊಂಡು ಹೋಗು. ಮೇಲಿನಿಂದ ಕಳ್ಳದಾರಿ ಹಿಡಿದು ಬಂದಿದೀಯ."

"ಭಾನುವಾರ ನಲವತ್ತು ಜನ ಬರ್ತಾರೆ, ಒಂದ್ಸಲ ನೋಡ್ಕೊಂಡು ಹೋಗೋಣ ಅಂತ ಬಂದೆ. ನಿನಗೊಂದು ಥ್ಯಾಂಕ್ಸ್ ಕೂಡ ಹೇಳೋದಿತ್ತು. ಈ ತಿರುವಿನ ಕಲ್ಲಿದೆಯಲ್ಲ, ಇಡೀ ದಾರೀಲಿ ಇಷ್ಟು ಮಜಾ ಇರೋ ಜಾಗ ಇನ್ನೊಂದಿಲ್ಲ. ಜಲ್ಲಿ ಸೈಕಲ್‌ನೋರು ಬರಬಾರದು ಅಂತ ಜಲ್ಲಿ ಸುರಿದೋನು ಜಗತ್ತಲ್ಲೇ ನೀನೊಬ್ಬ ಕಣೋ."

ಬೇರೆ ದಿನವಾಗಿದ್ದರೆ ಗಿಲ್ಬೆರ್ ಅವಳ ಸೈಕಲ್ಲನ್ನೇ ಎತ್ತಿ ಕಮರಿಗೆ ಎಸೆಯುತ್ತಿದ್ದ. ಇವತ್ತು ಗೋಡೆಯ ಮೇಲೆ ಕುಕ್ಕರಿಸಿದ. ಕೊರಿನ್ ಅವನ ಮುಖ ನೋಡಿದಳು, ಟ್ರೇಲರ್ ನೋಡಿದಳು, ಕೆಳಗೆ ದೂರದಲ್ಲಿ ಭಟ್ಟಿಯ ಚಿಮಣಿ ನೋಡಿದಳು. ಈ ಮನೆಯಲ್ಲೇ ಹುಟ್ಟಿದವಳು, ಬಿಡಿಸಿ ಹೇಳಬೇಕಾಗಲಿಲ್ಲ.

"ಯಾರ ಹಂಡೆ ಬೇಯ್ತಿದೆ?"

"ವಿಧವೆ ಶಾಬೆರ್‌ದು. ಆಮೇಲೆ ನಂದು. ನಾನಿಲ್ಲಾಂದ್ರೆ ಬ್ರೆಮೊನ್."

"ಗಂಟೆಗೆ ಇನ್ನೆಷ್ಟಿದೆ?"

"ಕಾಲು ಗಂಟೆಗೂ ಕಡಿಮೆ. ನಾನೇ ಓಡಿ ಹೋಗ್ತೀನಿ."

"ಆ ಮಂಡಿ ಇಟ್ಕೊಂಡಾ? ಓಡು ಓಡು, ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ತಲುಪ್ತೀಯ." ಅವಳು ಆಗಲೇ ಒಂದು ಹೊರೆಯ ಗಂಟು ಬಿಚ್ಚುತ್ತಿದ್ದಳು. ಅರ್ಧ ಹೂವನ್ನು ಟ್ರೇಲರಿಗೇ ಸುರಿದು, ಉಳಿದದ್ದನ್ನು ಸೆಣಬಿನ ಬಟ್ಟೆಯಲ್ಲಿ ಬಿಗಿದು ಬೆನ್ನಿಗೇರಿಸಿ, ಎರಡು ಮೂಲೆಗಳನ್ನು ಹೆಗಲ ಮೇಲಿಂದ, ಎರಡನ್ನು ಸೊಂಟದ ಸುತ್ತ ತಂದು ಎದೆಯ ಮೇಲೆ ಕಟ್ಟಿಕೊಂಡಳು. ಕೂಸು ಹೊತ್ತವಳ ಹಾಗೆ ಕಂಡಳು.

ಸೈಕಲ್ಲನ್ನು ಎತ್ತಿ ಟ್ರ್ಯಾಕ್ಟರಿನ ಮೂತಿ ದಾಟಿಸಿ ನಿಂತವಳು ತಟ್ಟನೆ ತಿರುಗಿದಳು.

"ಒಂದು ಮಾತು. ಮನೆಯವರ ಕೈ ಬೇಕಲ್ಲ ಅಲ್ಲಿ? ಬ್ರೆಮೊನ್ ಕೇಳ್ತಾನೆ. ಊರೆಲ್ಲ ಕೇಳೋ ಹಾಗೆ ಬೈದಿದೀಯ ನನ್ನ. ನಂದು ಯಾರ ಮನೆ ಕೈ?"

ಗಿಲ್ಬೆರ್ ಬೂಟಿನ ತುದಿಯಿಂದ ಕಲ್ಲೊಂದನ್ನು ಒದ್ದ.

"ಗಂಟೆ ಆಗ್ತಿದೆ, ಹೋಗೇ."

"ಆಗಲಿ. ನಂಗೇನೂ ಅವಸರ ಇಲ್ಲ, ಇವತ್ತು ರಜ."

"ನಮ್ಮನೇದು!" ಗಿಲ್ಬೆರ್ ಕೂಗಿದ. "ನಮ್ಮನೇದು ಕಣೇ, ಕತ್ತೆ! ಸಾಕಾ?"

"ಸಾಕು," ಎಂದು ಅವಳು ಪೆಡಲ್ ಮೇಲೆ ಕಾಲಿಟ್ಟಳು.

ಅವಳು ಹೊರಟ ಮೇಲೆ ಅವನು ನಾಲ್ಕು ಹೆಜ್ಜೆ ಹಿಂದೆ ಓಡಿದ. ತಿರುವಿನ ಹೊರ ಅಂಚಿಗೆ ಗೋಡೆಯಿಲ್ಲ, ಅದರಾಚೆ ಇಳಿಜಾರು ನೇರ ಹಳ್ಳಕ್ಕೆ. "ಇಳಿದು ತಳ್ಳಿಕೊಂಡು ಹೋಗೇ! ಕೊರಿನ್! ತಿರುವಲ್ಲಿ ಇಳಿ!" ಎಂದು ಅರಚಿದ. ಅವಳು ಇಳಿಯಲಿಲ್ಲ.

ಸೀಟಿನಿಂದ ಎದ್ದು, ಮಂಡಿ ಬಗ್ಗಿಸಿ, ಮೈಯನ್ನು ಹಿಂದಕ್ಕೆ ಜಗ್ಗಿದಳು. ಬೆನ್ನ ಮೇಲಿನ ಹೊರೆ ಹಿಂದಿನ ಚಕ್ರವನ್ನು ಸವರುವಷ್ಟು ಹಿಂದಕ್ಕೆ. ಹ್ಯಾಂಡಲನ್ನು ಬಿಗಿಯಾಗಿ ಹಿಡಿದಿರಲೇ ಇಲ್ಲ. ಮುಂದಿನ ಚಕ್ರ ಕಲ್ಲಿಂದ ಕಲ್ಲಿಗೆ ಜಿಗಿಯುತ್ತ ತನ್ನ ದಾರಿ ತಾನೇ ಹುಡುಕಿಕೊಳ್ಳುತ್ತಿತ್ತು, ಅವಳು ಅದನ್ನು ಹುಡುಕಿಕೊಳ್ಳಲು ಬಿಟ್ಟಿದ್ದಳು. ಟೈರಿನಡಿಯಿಂದ ಕಲ್ಲುಗಳು ಕಪ್ಪೆಗಳಂತೆ ಎರಡೂ ಕಡೆ ಹಾರಿದವು. ತಿರುವಿನ ಹೊರ ಅಂಚಿನವರೆಗೂ ಹೋದಳು. ಹೋದಳು, ಮುಗಿಯಿತು ಎಂದುಕೊಂಡ ಗಿಲ್ಬೆರ್. ಆದರೆ ಅವಳ ಕಣ್ಣು ಅಂಚಿನ ಮೇಲಿರಲಿಲ್ಲ, ಚಕ್ರದ ಮೇಲೂ ಇರಲಿಲ್ಲ. ತಿರುವು ಮುಗಿದು ದಾರಿ ನೇರವಾಗುವ ಕಡೆ ನೋಡುತ್ತಿದ್ದಳು. ಗಿಲ್ಬೆರ್‌ಗೆ ಆ ನೋಟ ಗೊತ್ತಿತ್ತು. ಬಳ್ಳಿ ಸವರಬಲ್ಲವನು ಕೈಯಲ್ಲಿರುವ ಕತ್ತರಿಯನ್ನು ನೋಡುವುದಿಲ್ಲ. ಅವನ ಕಣ್ಣು ಮುಂದಿನ ಮೊಗ್ಗಿನ ಮೇಲಿರುತ್ತದೆ. ಅವಳ ಭುಜ ಸ್ವಲ್ಪ ಒಳಕ್ಕೆ ವಾಲಿತು, ಅಷ್ಟೇ. ಸೈಕಲ್ ತಿರುಗಿತು.

ಇದೇ ತಿರುವಿನಲ್ಲಿ ಚಿಕ್ಕವಳಾಗಿದ್ದಾಗ ಅವನ ಸೈಕಲ್ಲಿನ ಹಿಂದೆ ಕೂತು, ಕಣ್ಣು ಮುಚ್ಚಿಕೊಂಡು, ಅವನ ಅಂಗಿ ಹರಿಯುವಂತೆ ಹಿಡಿದು ಅಳುತ್ತಿದ್ದವಳು ಅವಳು.

ಕೊಯ್ದು ಮುಗಿದ ಲ್ಯಾವೆಂಡರಿನ ಬೂದು ಸಾಲುಗಳ ನಡುವೆ ಧೂಳಿನ ಸಣ್ಣ ಬಾಲವೊಂದು ಓಡಿತು. ಆಮೇಲೆ ದ್ರಾಕ್ಷಿತೋಟ ಅವಳನ್ನು ನುಂಗಿತು. ಹಸಿರೆಲೆಗಳ ಮೇಲೆ ಅವಳ ತಲೆ ಒಮ್ಮೆ ಕಾಣುತ್ತಿತ್ತು, ಒಮ್ಮೆ ಇಲ್ಲ. ಗಿಲ್ಬೆರ್ ಗೋಡೆಯ ಮೇಲೆ ಹತ್ತಿ ನಿಂತ. ಕೆಳಗೆ ಇಗರ್ಜಿಯ ಗಂಟೆ ಬಾರಿಸತೊಡಗಿತು. ನಿಲ್ಲಬಾರದೇ, ಹಾಳಾದ್ದು. ಬಾರಿಸಿ ನಿಂತಿತು. ಬೆಟ್ಟದ ತುಂಬ ಜೀರುಂಡೆಗಳ ಕಿರುಚಾಟವೊಂದೇ ಉಳಿಯಿತು. ಅವನು ಕೈಯಲ್ಲಿದ್ದ ಫೋನನ್ನು ದಿಟ್ಟಿಸುತ್ತ ನಿಂತ.

ಕೊನೆಗೂ ಅದು ಗುಣುಗುಟ್ಟಿತು.

"ಬಿತ್ತು ಕಣಯ್ಯಾ," ಎಂದ ರೋಲಾನ್. "ಗಂಟೆ ಇನ್ನೂ ಹೊಡೀತಿತ್ತು. ಸೈಕಲ್ ಬಾಗಿಲಲ್ಲೇ ಬಿಸಾಕಿ ಒಳಗೆ ಬಂದ್ಳು. ಬ್ರೆಮೊನ್ ಅಡ್ಡ ನಿಂತ, ಇವಳು ಮನೆಯೋಳಲ್ಲ ಅಂದ. ಏನಂದ್ಳು ಗೊತ್ತಾ? 'ನಮ್ಮಣ್ಣ ಈಗ ತಾನೇ ಬೆಟ್ಟ ಅದುರೋ ಹಾಗೆ ಕೂಗಿದಾನೆ, ಕಿವುಡಾ ನಿಂಗೆ?' ಅಂದ್ಳು. ಭಟ್ಟೀಲಿದ್ದೋರೆಲ್ಲ ನಕ್ಕುಬಿಟ್ರು."

"ಮೈಗೇನೂ ಆಗಿಲ್ವಾ ಅವಳಿಗೆ?"

"ಯಾವಾಗಿಂದ ಕೇಳೋಕೆ ಶುರು ಮಾಡ್ದೆ? ಮೊಣಕೈ ಸ್ವಲ್ಪ ತರಚಿದೆ. ಇಲ್ಲೇ ಕೂತ್ಕೊಂಡು ನನ್ನ ಚೀಸೆಲ್ಲ ತಿಂತಿದಾಳೆ. ಬ್ರೆಮೊನ್ ದೊಡ್ಡ ಟ್ರ್ಯಾಕ್ಟರ್ ತಗೊಂಡು ಹೊರಟ, ನಿನ್ನ ಎಳೆಯೋಕೆ. ನಿನ್ನದು ಬೆಂದ ಮೇಲಲ್ವಾ ಅವನದು. ಹಲ್ಲು ಕಡೀತಾ ಬರ್ತಿದಾನೆ, ಮರ್ಯಾದೆಯಾಗಿ ಮಾತಾಡು."

ಗಿಲ್ಬೆರ್ ಟ್ರೇಲರಿನ ಚಕ್ರಕ್ಕೆ ಕಲ್ಲು ಕೊಟ್ಟು, ನಡೆದು ಇಳಿಯತೊಡಗಿದ. ಮಂಡಿ ನೋಯುತ್ತಿತ್ತು. ತಿರುವಿನ ಬಿಳಿ ಕಲ್ಲುಗಳ ನಡುವೆ ಅವಳ ಚಕ್ರದ ಗೆರೆ ಕಾಣಿಸಿತು. ಎಲ್ಲಿಯೂ ಬ್ರೇಕ್ ಹಿಡಿದು ಉಜ್ಜಿದ ಗುರುತಿರಲಿಲ್ಲ. ಹೊರ ಅಂಚಿಗೆ ಒಂದು ಗೇಣು ಬಿಟ್ಟು ಹಾದು, ಒಳಕ್ಕೆ ಬಾಗಿ, ನೇರವಾಗಿತ್ತು. ಅಂಚಿನಲ್ಲಿ ಒಂದೇ ಒಂದು ಕಲ್ಲು ಮಗುಚಿ ಬಿದ್ದು, ಅದರ ಕಪ್ಪು ತೇವದ ಹೊಟ್ಟೆ ಮೇಲಾಗಿತ್ತು. ಅವನು ಅಲ್ಲಿ ಸ್ವಲ್ಪ ಹೊತ್ತು ನಿಂತ. ದಕ್ಷಿಣದಲ್ಲಿ ದೊಡ್ಡ ಬೆಟ್ಟದ ಬೋಳು ನೆತ್ತಿ ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿತ್ತು. ದಿನಾ ನೋಡುವ ಬೆಟ್ಟ. ಸೈಕಲ್ಲಿನಲ್ಲಿ ಹತ್ತಿ ಬಂದವರು ಇಲ್ಲೇ ಉಸಿರು ತೆಗೆದುಕೊಳ್ಳಲು ನಿಲ್ಲುತ್ತಾರೆ ಎಂದು ಅವನಿಗೆ ಆಗ ಅನ್ನಿಸಿತು.

ಕೆಳಗೆ ಬೆಳಿಗ್ಗೆ ಬಿಚ್ಚಿಟ್ಟ ಸರಪಳಿ ಧೂಳಿನಲ್ಲಿ ಬಿದ್ದಿತ್ತು. ಗೆರೆ ಅದರ ಮೇಲೇ ಹಾದುಹೋಗಿತ್ತು. ಕೊಂಡಿಗೆ ಲ್ಯಾವೆಂಡರಿನ ಒಂದು ಕಡ್ಡಿ ಸಿಕ್ಕಿಕೊಂಡಿತ್ತು.

ಬ್ರೆಮೊನ್‌ನ ಟ್ರ್ಯಾಕ್ಟರ್ ಗುಡುಗುತ್ತ ಬಂದು ನಿಂತಿತು.

"ಇನ್ನೇನು ನಿಂತ್ಕೊಂಡಿದೀಯ, ಮಾರಾಯ? ಹತ್ತು ಮೇಲೆ!"

"ನೀನು ನಡಿ, ಬಂದೆ," ಎಂದ ಗಿಲ್ಬೆರ್. "ಆದಷ್ಟೂ ಎಡಕ್ಕೇ ಇರು. ಬಲಗಡೆ ತುಳೀಬೇಡ."

"ಬಲಗಡೆ ಏನಿದೆ?"

ಗಿಲ್ಬೆರ್ ಬಾಗಿ, ಸರಪಳಿಯನ್ನು ಕೈಗೆ ಸುತ್ತಿಕೊಳ್ಳುತ್ತ ಹೋಗಿ, ಬ್ರೆಮೊನ್‌ನ ಟ್ರ್ಯಾಕ್ಟರಿನ ಹಿಂದಿನ ಸಾಮಾನು ಪೆಟ್ಟಿಗೆಗೆ ಹಾಕಿದ. ಆಮೇಲೆ ದಾರಿಯ ಬಲ ಅಂಚು ಹಿಡಿದು, ಗೆರೆಯ ಪಕ್ಕದಲ್ಲೇ, ಅದರ ಮೇಲೆ ಕಾಲಿಡದೆ ಹತ್ತತೊಡಗಿದ.