ಶೀಲಾವತಿಗಿಂತ ಮೂವತ್ತೇಳು ಕೆಳಗೆ

ಕೃಷ್ಣಮೋಹನ ಮಾಷ್ಟ್ರ ಶ್ರುತಿಪೆಟ್ಟಿಗೆಯ ತಿದಿ ಹರಿದದ್ದು ಕಾವ್ಯವಾಚನದ ಹಿಂದಿನ ದಿನವೇ. ದರ್ಬೆಯ ಸಂಘದವರು ಖಡಾಖಂಡಿತ ಹೇಳಿಬಿಟ್ಟರು: ಸಂಘದ ಹುಡುಗಿ ಸುರಕ್ಷಾ ಬರೆದ ಕಂಪ್ಯೂಟರ್ ಪ್ರೋಗ್ರಾಮಿನ ಶ್ರುತಿಗೆ ಓದಿ, ಇಲ್ಲವಾದರೆ ನಿಮ್ಮ ಶಿಷ್ಯ ಮೋಕ್ಷಿತ್ ಓದುತ್ತಾನೆ. ನಲವತ್ತು ವರ್ಷ ಮಾಷ್ಟ್ರು ಯಾರಿಗೂ ಬಿಟ್ಟುಕೊಡದ ಪೀಠ ಅದು.

ಲ್ಯಾಪ್‌ಟಾಪಿನಿಂದ ಹೊರಟ ಷಡ್ಜ ಅನ್ನದಲ್ಲಿ ಸಿಕ್ಕ ಕಲ್ಲಿನಂತಿತ್ತು.

"ಚೂರು ಕೆಳಗೆ ತಾ."

ಸುರಕ್ಷಾ ಗುಂಡಿ ಒತ್ತಿದಳು. ಸ್ವರ ದಡಕ್ಕನೆ ಇಳಿಯಿತು.

"ಚೂರು ಅಂದದ್ದು. ಒಂದಿಡೀ ಮನೆ ಅಲ್ಲ."

"ಹಾರ್ಮೋನಿಯಮ್ಮಿನ ಎರಡು ಮನೆಯ ನಡುವೆ ನಿಮ್ಮ ಗಂಟಲು ಸಿಕ್ಕಿಬಿದ್ರೆ ನಾನೆಂತ ಮಾಡುದು ಮಾಷ್ಟ್ರೆ?"

"ನಿನ್ನ ಯಂತ್ರಕ್ಕೆ ಬರುದಿಲ್ಲ ಅಂತ ಹೇಳು."

ಅವಳ ಮುಖ ಬಿಗಿಯಿತು. ಪ್ರೋಗ್ರಾಮಿನ ಸಾಲುಗಳನ್ನು ತೆರೆದು ತಿದ್ದಿ, ಒಂದೊಂದು ಮನೆಯನ್ನೂ ನೂರು ಪಾಲು ಮಾಡಿದಳು. "ಒಂದು ಪಾಲಿಗೆ ಸೆಂಟ್ ಅನ್ನುದು."

"ಜಾಗ ಅಳೀಲಿಕ್ಕೆ ಬಂದದ್ದಾ ನೀನು?"

"ನಿಮ್ಮನ್ನು ಅಳೀಲಿಕ್ಕೆ. ನೀವು ಮಕ್ಕಳಿಗೆ ಮಾಡ್ತಿದ್ದ ಹಾಗೆಯೇ. ಮೊದಲು ಶ್ರುತಿ ಬಂದ್. ನೀವು ಹಿಡೀರಿ."

ಅದು ಮಾಷ್ಟ್ರದೇ ಕ್ರಮ. ಪೆಟ್ಟಿಗೆ ಮುಚ್ಚಿದ್ದಾಗಲೇ ಮಗು ಷಡ್ಜ ಹಿಡಿಯಬೇಕು; ಆಮೇಲೆ ಪೆಟ್ಟಿಗೆ ಒತ್ತಿ ತಾಳೆ ನೋಡುವುದು. ಅವರು ಕಣ್ಣು ಮುಚ್ಚಿ ಹಿಡಿದರು. ಅವಳು ಮೊದಲಿನ ಮನೆಗೇ ಹಿಂದಿರುಗಿ ಶ್ರುತಿ ಬಿಟ್ಟಳು. ಎರಡು ಸ್ವರ ಒಂದಕ್ಕೊಂದು ತಾಗಿ ಅಲೆಯೆದ್ದಿತು.

"ಹತ್ತು ಇಳಿಸಿದೆ. ಈಗ?"

"ಸುಳ್ಳು. ನೀನು ಮುಟ್ಟಲೇ ಇಲ್ಲ."

ಮುಟ್ಟಿರಲಿಲ್ಲ, ನಿಜ. ಅವಳು ಹಲ್ಲು ಕಚ್ಚಿ ಒಂದೊಂದೇ ಪಾಲು ಇಳಿಸತೊಡಗಿದಳು. ಅಲೆ ನಿಧಾನವಾಯಿತು, ಕೊನೆಗೆ ಗರ್ಭಗುಡಿಯ ದೀಪದಂತೆ ನಿಂತಿತು. ಷಟ್ಪದಿಯ ಮೊದಲ ಸಾಲು ಮಾಷ್ಟ್ರ ಬಾಯಿಂದ ತಾನಾಗಿ ಬಂತು.

"ಮೂವತ್ತೇಳು," ಎಂದಳು ಸುರಕ್ಷಾ. "ನಿಮ್ಮ ಪೆಟ್ಟಿಗೆಯ ರೀಡಿಗೆ, ಒಳಗಿನ ಹಿತ್ತಾಳೆ ನಾಲಿಗೆಗೆ, ಕಿಲುಬು ಹಿಡಿದು ಸ್ವರ ಸರಿ ಜಾಗದಿಂದ ಅಷ್ಟು ಕೆಳಗೆ ಹೋಗಿತ್ತು, ಅಂದೇ. ಕಾಣಿಯೂರಿನ ಶೀಲಾವತಿಯ ನೆನಪುಂಟಾ?"

ಇತ್ತು. ಶಾಲೆಯ ಹಾರ್ಮೋನಿಯಮ್ಮಿನಲ್ಲಿ ಸ್ವರ ಕಲಿತು ಬಂದ ಹುಡುಗಿ. ಯಾವಾಗ ಹಿಡಿದರೂ ಪೆಟ್ಟಿಗೆಗಿಂತ ಒಂದು ಕೂದಲು ಮೇಲೆ. ಕಿವಿ ಇಲ್ಲದವಳಿಗೆ ಕಾವ್ಯ ಎಂತಕ್ಕೆ ಎಂದು ಎಲ್ಲ ಮಕ್ಕಳೆದುರು ಅವಳನ್ನು ಎಬ್ಬಿಸಿ ಕಳಿಸಿದ್ದರು.

"ನನ್ನ ಅಮ್ಮ. ಇವತ್ತಿಗೂ ಭಜನೆಯಲ್ಲಿ ಸ್ವರ ಬಿಡುದಿಲ್ಲ. ಬರೀ ತುಟಿ ಆಡಿಸುದು."

"ಅದು ನನ್ನ ಗುರುಗಳ ಪೆಟ್ಟಿಗೆ!"

"ಗುರುಗಳದ್ದಾದ್ರೆ ಕಿಲುಬು ಹಿಡಿಯುದಿಲ್ವಾ?"

ಶ್ರುತಿಯನ್ನು ಉಳಿಸಿಡಲು ಪ್ರೋಗ್ರಾಮು ಹೆಸರು ಕೇಳಿತು. ಅವಳು ಟೈಪ್ ಮಾಡಿದಳು: 'ಶೀಲಾವತಿಗಿಂತ ೩೭ ಕೆಳಗೆ'. ನಾಳೆ ವೇದಿಕೆಯ ಪರದೆಯಲ್ಲಿ, ಪದ್ಯದ ಅಡಿಯಲ್ಲೇ, ಶ್ರುತಿಯ ಹೆಸರೂ ಕಾಣುತ್ತದೆ. ಅಂದಿನ ಮಕ್ಕಳೆಲ್ಲ ಈಗ ಎದುರು ಸಾಲಿನಲ್ಲಿ ಕೂರುವವರು.

"ಅಳಿಸು."

"ಹೆಸರು ಅಳಿಸಿದ್ರೆ ಇಳಿಸಿದ್ದೂ ಅಳಿಸಿ ಸೊನ್ನೆಗೆ ಹೋಗ್ತದೆ. ಅಮ್ಮನ ಶ್ರುತಿಗೆ. ಓದ್ತೀರಾ?"

ಅವಳು ಸೊನ್ನೆಗೆ ತಂದಳು. ಮಾಷ್ಟ್ರು ಓದಿದರು. ಎರಡನೆಯ ಸಾಲಿಗೇ ಗಂಟಲು ಹಳೆಯ ಜಾಗಕ್ಕೆ ಜಾರಿತು, ಅಲೆಯೆದ್ದಿತು. ಇನ್ನೊಮ್ಮೆ ಓದಿದರು, ಇನ್ನೊಮ್ಮೆ ಜಾರಿತು. ಜಗಲಿಯಲ್ಲಿ ಮೋಕ್ಷಿತ್ ಅದೇ ಪದ್ಯವನ್ನು ಗುನುಗಿಕೊಳ್ಳುತ್ತಿದ್ದ.

"ಹೆಸರು ಇರಲಿ," ಎಂದರು ಮಾಷ್ಟ್ರು ಗೋಡೆ ನೋಡುತ್ತ. "ಅಕ್ಷರ ಮಾತ್ರ ದೊಡ್ಡದು ಮಾಡ್ಬೇಡ."

"ಮಾಡುದೇ," ಎಂದಳು ಸುರಕ್ಷಾ.